ನಿಂತ ಗಡಿಯಾರ
ಬೆಳಿಗ್ಗೆ ಫ್ಲಾರೆನ್ಸ್, ಮಧ್ಯಾಹ್ನ ಬೊಲೋನ್ಯ, ಸಂಜೆ ವೆನಿಸ್: ಇಟಲಿಯ ವೇಗದ ರೈಲಿನಿಂದ ಒಂದೇ ದಿನದಲ್ಲಿ ಇದೆಲ್ಲವೂ ಸಾಧ್ಯ. ಆದರೆ ಇದನ್ನು ದೇಶದರ್ಶನವೆನ್ನಲು ನಾನು ಒಪ್ಪಲಾರೆ. 2009ರಲ್ಲಿ ತೆರೆದ ಫ್ಲಾರೆನ್ಸ್-ಬೊಲೋನ್ಯ ಮಾರ್ಗದ ಬಹುಭಾಗ ಸುರಂಗವೇ. ಅಪೆನೈನ್ ಪರ್ವತಗಳನ್ನು ದಾಟಿದವನು ಪರ್ವತವನ್ನೇ ಕಾಣನು. ಬೊಲೋನ್ಯದಲ್ಲಿ ಇಂಥ ಗಾಡಿಗಳಲ್ಲಿ ಹೆಚ್ಚಿನವು ನಿಲ್ಲುವುದೂ ನೆಲದಡಿಯಲ್ಲಿ. ಮೇಲೆ ಬಂದರೆ, ನಿಲ್ದಾಣದ ಹೊರಗೋಡೆಯ ಗಡಿಯಾರವೊಂದು 10 ಗಂಟೆ 25 ನಿಮಿಷಕ್ಕೆ ನಿಂತಿದೆ. 1980ರ ಆಗಸ್ಟ್ 2ರಂದು ಆ ಗಳಿಗೆಯಲ್ಲಿ ಅಲ್ಲಿ ಸಿಡಿದ ಬಾಂಬು 85 ಜನರನ್ನು ಬಲಿಗೊಂಡಿತು. ಗಡಿಯಾರ ಕೆಟ್ಟಿಲ್ಲ, ಸತ್ತವರ ನೆನಪಿಗೆಂದೇ ಅದನ್ನು ಹಾಗೆ ನಿಲ್ಲಿಸಲಾಗಿದೆ. ಮೂರು ಊರುಗಳನ್ನು ಮುಟ್ಟಿ ಬರುವುದಕ್ಕಿಂತ ಒಂದೇ ಊರನ್ನು ಕಂಡು ಬಂದರೆ ಸಾಲದೆ? ಆ ಗಡಿಯಾರದ ಕೆಳಗೆ ಪ್ರಯಾಣಿಕನೂ ಕೊಂಚ ಹೊತ್ತು ನಿಲ್ಲಬೇಕು.