ಆಟಗಾರ್ತಿ ಗುರುವಾದಾಗ

ಕ್ರೀಡಾಪಟುವಿನ ಸಾಧನೆಯನ್ನು ನಾವು ಸಾಮಾನ್ಯವಾಗಿ ಪದಕಗಳಿಂದ ಅಳೆಯುತ್ತೇವೆ. ಅಂಗಳವನ್ನು ಬಿಟ್ಟೊಡನೆ ಆ ಸಾಧನೆ ಮುಗಿಯಿತೆಂದು ಭಾವಿಸುವವರೂ ಉಂಟು. ಈ ಭಾವನೆ ಸರಿಯಲ್ಲವೆಂಬುದಕ್ಕೆ ಸ್ಕಾಟ್ಲೆಂಡಿನ ರೋನಾ ಮಾರ್ಟಿನ್ ಅವರ ಬಾಳು ಉತ್ತಮ ನಿದರ್ಶನ.

ಅವರ ಆಟ ಕರ್ಲಿಂಗ್. ಮಂಜುಗಡ್ಡೆಯ ನೆಲದ ಮೇಲೆ ಸುಮಾರು 20 ಕಿಲೋಗ್ರಾಂ ತೂಕದ ಗ್ರಾನೈಟ್ ಕಲ್ಲನ್ನು ಜಾರಿಸಿ, ದೂರದ ವೃತ್ತದ ನಡುವಿಗೆ ಆದಷ್ಟು ಹತ್ತಿರ ನಿಲ್ಲಿಸುವುದು ಇದರ ಗುರಿ. ಕೈಯಿಂದ ಜಾರಿದ ಕಲ್ಲನ್ನು ಮತ್ತೆ ಮುಟ್ಟುವಂತಿಲ್ಲ. ಜೊತೆಯ ಆಟಗಾರ್ತಿಯರು ಅದರ ಮುಂದಿನ ಮಂಜನ್ನು ಬ್ರಷ್ಷಿನಿಂದ ಉಜ್ಜಿ ದಾರಿಯನ್ನು ಸುಗಮಗೊಳಿಸಬಹುದು, ಅಷ್ಟೆ.

2002ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಾರ್ಟಿನ್ ಬ್ರಿಟನ್ ತಂಡದ ನಾಯಕಿಯಾಗಿದ್ದರು. ಮೊದಲ ಸುತ್ತಿನ 9 ಪಂದ್ಯಗಳಲ್ಲಿ 4ನ್ನು ಸೋತಿದ್ದ ಆ ತಂಡ, ಎದೆಗುಂದದೆ ಅಂತಿಮ ಪಂದ್ಯವನ್ನು ತಲುಪಿತು. ಅಲ್ಲಿ ಸ್ವಿಟ್ಜರ್ಲೆಂಡಿನೊಡನೆ ಅಂಕಗಳು 3–3 ಸಮನಾಗಿದ್ದಾಗ, ಕಡೆಯ ಕಲ್ಲು ಮಾರ್ಟಿನ್ನರ ಪಾಲಿಗೆ ಬಂದಿತು. ಅದು ನಿಲ್ಲಬೇಕಾದಲ್ಲಿಯೇ ನಿಂತಿತು. 1984ರ ಬಳಿಕ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ದೊರೆತ ಮೊದಲ ಚಿನ್ನ ಅದು.

ಮುಂದೆ ಅವರು ತರಬೇತಿಯ ಹೊಣೆ ಹೊತ್ತರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅವರು ಪಳಗಿಸಿದ, ಈವ್ ಮ್ಯೂರ್‌ಹೆಡ್ ನಾಯಕತ್ವದ ತಂಡ ಸ್ವಿಟ್ಜರ್ಲೆಂಡನ್ನೇ 6–5ರಿಂದ ಮಣಿಸಿ ಕಂಚನ್ನು ಪಡೆಯಿತು. ಚಿನ್ನ ಗೆದ್ದವರಿಗೆ ಕಂಚು ಇಳಿತವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲವೆಂದೇ ನನ್ನ ಅಭಿಪ್ರಾಯ. ಆಟಗಾರ್ತಿ ತನ್ನ ಕೈಯನ್ನು ತಾನು ನಂಬಿದರೆ ಸಾಕು. ಗುರುವಾದವಳು ಪರರ ಕೈಯನ್ನು ನಂಬಬೇಕು. ತನ್ನ ಬೆರಳು ಬಲ್ಲುದನ್ನು ಮಾತಿಗಿಳಿಸಿ, ಮತ್ತೊಬ್ಬರ ಬೆರಳಿಗೆ ದಾಟಿಸಬೇಕು. ಆಟದ ನಡುವೆ, ನಿಯಮವು ಒಪ್ಪಿದ ವಿರಾಮಗಳಲ್ಲಲ್ಲದೆ ಆಕೆ ಸಲಹೆ ನೀಡುವಂತಿಲ್ಲ. ಉಳಿದ ಹೊತ್ತು ದೂರ ಕುಳಿತು ನೋಡುವುದೇ ಆಕೆಯ ಪಾಲು.

ಎಲ್ಲ ಒಳ್ಳೆಯ ಆಟಗಾರರೂ ಒಳ್ಳೆಯ ಗುರುಗಳಾಗಲಾರರು ಎಂಬುದು ನಿಜ. ಆದುದರಿಂದಲೇ ಎರಡರಲ್ಲಿಯೂ ಸಿದ್ಧಿ ಪಡೆದವರು ವಿಶೇಷ ಗೌರವಕ್ಕೆ ಅರ್ಹರು. 2022ರಲ್ಲಿ ಬೀಜಿಂಗಿನಲ್ಲಿ ಮ್ಯೂರ್‌ಹೆಡ್ ಚಿನ್ನವನ್ನೇ ಗೆದ್ದರು. ಆ ವೇಳೆಗೆ ತರಬೇತಿಯ ಹೊಣೆ ಬೇರೆಯವರದಾಗಿತ್ತು. ಆದರೂ ಆ ಗೆಲುವಿನ ಹಾದಿಯ ಒಂದು ಭಾಗವನ್ನು ಉಜ್ಜಿ ನಯಗೊಳಿಸಿದವರಲ್ಲಿ ಮಾರ್ಟಿನ್ನರೂ ಒಬ್ಬರಲ್ಲವೇ?

ಮುಂದೆ ಗುರಿ, ಹಿಂದೆ ಗುರು ಇರಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಗುರಿ ಮುಟ್ಟಿದವರನ್ನು ಲೋಕ ಹೊಗಳುತ್ತದೆ. ಹಿಂದೆ ನಿಂತವರನ್ನು ನೆನೆಯುವುದನ್ನೂ ನಾವು ಕಲಿಯಬೇಕು.