ನೀರು ದಾಟಲು ಎಷ್ಟು ತೆರಬೇಕು?



ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ನೆಲೆಸಿರುವ ನಾನು ವರ್ಷಕ್ಕೊಮ್ಮೆ ಪ್ರಿನ್ಸ್ ಎಡ್ವರ್ಡ್ ಐಲೆಂಡಿಗೆ ಹೋಗಿಬರುತ್ತೇನೆ. ದಾಟಬೇಕಾದ್ದು 12.9 ಕಿಲೋಮೀಟರ್ ಉದ್ದದ ಕಾನ್ಫೆಡರೇಶನ್ ಸೇತುವೆ. ಹೋಗುವಾಗ ದುಡ್ಡಿಲ್ಲ, ದ್ವೀಪ ಬಿಡುವಾಗ ಟೋಲ್. 2025ರ ಜುಲೈವರೆಗೆ ಅದು ಕಾರಿಗೆ 50.25 ಡಾಲರ್. ನನಗದು ಪ್ರವಾಸದ ಖರ್ಚು. ಆದರೆ ಆಚೆ ದಡದ ಆಸ್ಪತ್ರೆಗೆ ಮತ್ತೆ ಮತ್ತೆ ಓಡಾಡುವ ದ್ವೀಪದವರಿಗೆ?

ಮಾಂಟ್ರಿಯಲಿನಲ್ಲಿ 2019ರಲ್ಲಿ ತೆರೆದ ಹೊಸ ಶಾಂಪ್ಲೇನ್ ಸೇತುವೆಗೆ ಟೋಲೇ ಇಲ್ಲ. ಅಲ್ಲಿಲ್ಲದ ಸುಂಕ ನಮಗೇಕೆ ಎಂದು ದ್ವೀಪದವರು ಕೇಳಿದರು. 1873ರಲ್ಲಿ ಕೆನಡಾ ಸೇರುವಾಗಲೇ ಅವರಿಗೆ ಹಡಗು ಸಂಪರ್ಕದ ಮಾತು ಕೊಡಲಾಗಿತ್ತು. ಆ ಹಡಗಿನ ಜಾಗಕ್ಕೆ 1997ರಲ್ಲಿ ಬಂದದ್ದು ಈ ಸೇತುವೆ. ಕೇಳಿದ್ದು ವ್ಯರ್ಥವಾಗಲಿಲ್ಲ. 2025ರ ಆಗಸ್ಟ್ 1ರಿಂದ ಟೋಲ್ 20 ಡಾಲರಿಗೆ ಇಳಿಯಿತು.

ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಸಾಗರದ ತುಮರಿ.

ಅಲ್ಲಿನವರು ಹುಟ್ಟಾ ದ್ವೀಪದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಾಗ ನಡುಗಡ್ಡೆಯವರಾದರು. ನಾಡಿಗೆಲ್ಲ ದೀಪ ಹತ್ತಿತು, ಅವರ ದಾರಿ ಮುಳುಗಿತು. ನನ್ನ ಸೋದರಮಾವನ ಮನೆ ಅಲ್ಲೇ. ಒಂದು ರಾತ್ರಿ ಅಜ್ಜಿಗೆ ಎದೆನೋವು ಬಂತು. ಲಾಂಚ್ ಸಂಜೆಗೇ ನಿಂತಿತ್ತು. ಬಾಡಿಗೆ ಜೀಪಿನಲ್ಲಿ ಕಾಡುದಾರಿ ಸುತ್ತಿ ಸಾಗರ ಮುಟ್ಟುವಾಗ ಬೆಳಗಾಗಿತ್ತು. ಅಜ್ಜಿ ಉಳಿದರು, ಮಾವನಿಗೆ ಜೀಪಿನ ಸಾಲ ಉಳಿಯಿತು. ಲಾಂಚಿನ ಟಿಕೆಟ್ ಕೆಲವೇ ರೂಪಾಯಿ, ನಿಜ. ಆದರೆ ಲಾಂಚ್ ಇಲ್ಲದ ಹೊತ್ತಿನ ಬೆಲೆ ಯಾವ ಟಿಕೆಟ್ಟಿನಲ್ಲೂ ಅಚ್ಚಾಗುವುದಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾಯಿತು. ಅರವತ್ತು ವರ್ಷ ಕಾದ ಜನರಿಗೆ ಇದು ಹಬ್ಬವೇ. ಅಲ್ಲಿಗೆ ಕೆಲಸ ಮುಗಿಯಿತೆಂದು ನಾವು ಚಪ್ಪಾಳೆ ತಟ್ಟಿ ಕೂತರೆ ತಪ್ಪಾದೀತು. ಸೇತುವೆ ಕಾರಿದ್ದವರಿಗೆ ದಾರಿ. ಕಾರಿಲ್ಲದವರಿಗೆ ಬಸ್ಸು ಬಂದರಷ್ಟೇ ದಾರಿ. 2023ರಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸುಗಳನ್ನೇ ನಂಬಿದ ಮಲೆನಾಡಿನ ಹಳ್ಳಿಗಳಿಗೆ ಆ ಉಚಿತ ತಲುಪುವುದು ಹೇಗೆ? ಸಿಗಂದೂರಿಗೆ ಬರುವ ಭಕ್ತರ ಹೊತ್ತಿಗಷ್ಟೇ ಅಲ್ಲ, ಕಾಲೇಜು ಮಕ್ಕಳ, ಕೂಲಿಯವರ, ರೋಗಿಗಳ ಹೊತ್ತಿಗೂ ಬಸ್ಸು ಓಡಬೇಕು.

ಇದನ್ನು ದಾನವೆಂದು ಕೇಳಬೇಕಿಲ್ಲ. ನಾಡಿಗಾಗಿ ನೆಲ ಬಿಟ್ಟವರಿಗೆ ನಾಡು ತೀರಿಸಬೇಕಾದ ಸಾಲ ಇದು. ಅಮೆರಿಕದಲ್ಲೋ ಕೆನಡಾದಲ್ಲೋ ಕೂತ ನಮ್ಮಲ್ಲಿ ಎಷ್ಟೋ ಜನ ಓದಿದ್ದು ಶರಾವತಿಯ ದೀಪದಡಿಯಲ್ಲೇ. ಮುಂದಿನ ಸಲ ಊರಿಗೆ ಹೋದಾಗ ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಹಾಗೆಯೇ ತುಮರಿಯಲ್ಲಿ ಇಳಿದು ಒಂದು ಮಾತು ಕೇಳಿ: "ಸಾಗರಕ್ಕೆ ಕೊನೇ ಬಸ್ಸು ಎಷ್ಟು ಹೊತ್ತಿಗೆ?" ಸಿಕ್ಕ ಉತ್ತರವನ್ನು ನಿಮ್ಮ ಶಾಸಕರಿಗೆ, ಸಾರಿಗೆ ಇಲಾಖೆಗೆ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ.