ಕರಿಕೋಟು ಕಡ್ಡಾಯವೇನಲ್ಲ

ವಕೀಲರಿಲ್ಲದೆ ವಿಚ್ಛೇದನಕ್ಕೆ ಹೋಗುವವರು ಮೂರ್ಖರು ಎಂಬ ಧಾಟಿಯ ಲೇಖನ ಓದಿದೆ. ಲೇಖಕರು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ತೆರೆದು ನೋಡಿದಂತಿಲ್ಲ. ಅಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೇ ಅಲ್ಲ! ಇಬ್ಬರೂ ಒಪ್ಪಿ, ವರ್ಷದಿಂದ ಬೇರೆಯಿದ್ದು, ಮಕ್ಕಳು, ಮನೆ, ಜೀವನಾಂಶದ ತಕರಾರಿಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಅರ್ಜಿಯನ್ನು ತಾವೇ ಹಾಕಬಹುದು. (ಆಮೇಲಿನ ಆರು ತಿಂಗಳ ಕಾಯುವಿಕೆಯನ್ನೂ ತಕ್ಕ ಪ್ರಕರಣದಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.)

ಹೊಡೆತ ತಿಂದು ಬಂದವಳಿಗೆ ಈ ಮಾತು ಹೇಳಲಾರೆ. ವಕೀಲರಿಲ್ಲದೆ ಬರೆಸಿದ ಅರ್ಜಿಯಲ್ಲಿ, ಹಳೆಯ ನಮೂನೆಯಿಂದ ಟೈಪಿಸ್ಟ್ ಇಳಿಸಿಕೊಂಡ 'ಜೀವನಾಂಶದ ಹಕ್ಕು ಬಿಟ್ಟಿದ್ದೇನೆ' ಎಂಬ ಸಾಲಿಗೆ ಆಕೆಯ ಸಹಿ ಬಿದ್ದರೆ, ಬಿಡಿಸಿಕೊಳ್ಳುವುದು ಕಷ್ಟ. ಆದರೆ ಆಕೆಗೂ ದುಬಾರಿ ಫೀಸೊಂದೇ ದಾರಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿದೆ. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲವಲ್ಲ, ಯಾಕೆ?